ಎಂಟು ತೂತುಗಳ ಮೋಲ್ಡು

"ನಿಲ್ಸ್ರೀ ಪಂಪು!"

ಆ ಕೂಗಿಗೆ ಆಸ್ಪತ್ರೆ ಕಟ್ಟಡದ ಪಾರಿವಾಳಗಳು ಎದ್ದುಹೋದವು ನೋಡಿ, ಇವತ್ತಿಗೂ ವಾಪಸು ಬಂದಿಲ್ಲ. ಕೋಆರ್ಡಿನೇಟರ್ ಅಕ್ಕ ಏಣಿಯನ್ನು ಮೂರೇ ನೆಗೆತಕ್ಕೆ ಹತ್ತಿ, ಕಾಂಕ್ರೀಟು ಉಗುಳಲಿದ್ದ ಕೊಳವೆಯ ಬಾಯಿಗೆ ಸರಿಯಾಗಿ, ಮಹಡಿಯ ಮೋಲ್ಡಿಗೆಂದು ಹೆಣೆದ ಕಂಬಿಗಳ ಮೇಲೆ ಕುಕ್ಕರಿಸಿದಳು. ಬಿಸಿಲಿಗೆ ಕಾದ ಕಂಬಿ. ನೀರು ಚೆಲ್ಲಿದ್ದರೆ ಹಬೆ ಏಳುತ್ತಿತ್ತು. ಅವಳ ನೆತ್ತಿಯ ಮೇಲೆ ಚೆಲ್ಲಿದ್ದರೂ ಅಷ್ಟೆ.

ಕಂಬಿಯವರ ಸುದ್ದಿ ಕರೆಂಟಿನವರಿಗೆ, ಕರೆಂಟಿನವರದು ನಲ್ಲಿಯವರಿಗೆ ಮುಟ್ಟಿಸಿ ಎಲ್ಲರನ್ನೂ ಒಂದೇ ನೊಗಕ್ಕೆ ಕಟ್ಟುವ ಕೆಲಸ ಅವಳದು. ಯಾವ ಮೊಳೆ ಯಾವ ಗೋಡೆಯಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಅಂಥವಳ ಕಣ್ಣೆದುರೇ, ಕಕ್ಕಸಿನ ಪೈಪು ಇಳಿಯಬೇಕಾದ ಎಂಟು ತೂತುಗಳಿಗೆಂದು ಕಂಬಿಗೆ ಬಿಗಿದ ಡಬ್ಬಿಗಳು ಪೂರ್ವದ ಗೋಡೆ ಬಿಟ್ಟು ಪಶ್ಚಿಮದಲ್ಲಿ ಕೂತಿದ್ದವು. ಅವುಗಳ ನೇರ ಕೆಳಗೆ ಆಪರೇಷನ್ ಕೋಣೆ.

ಇಂಜಿನಿಯರ್ ಗಡಿಯಾರ ನೋಡಿಕೊಂಡ. "ಮುಕ್ಕಾಲು ಗಂಟೇಲಿ ಮಾಲು ಲಾರಿಯಲ್ಲೇ ಕಲ್ಲಾಗುತ್ತೆ ಮೇಡಂ. ಈಗ ಹಾಕ್ಬಿಡೋಣ, ಆಮೇಲೆ ಕೊರೆದ್ರಾಯ್ತು."

"ಕೊರೆದ್ರೆ ಕಂಬಿ ತುಂಡಾಗುತ್ತೆ. ಅಷ್ಟು ಅವಸರ ಇದ್ರೆ ನನ್ನ ಮೇಲೇ ಸುರೀರಿ!"

ಅಕ್ಕನ ಸಿಟ್ಟಿನ ಬೆಂಕಿ ಈಗ ನಲ್ಲಿ ಕೆಲಸದ ಮೇಸ್ತ್ರಿಯತ್ತ ತಿರುಗಿತು. "ಏನಣ್ಣಾ, ಕಣ್ಣು ಮನೇಲಿಟ್ಟು ಬಂದ್ರಾ? ಹೊಸ ನಕ್ಷೆ ಸೋಮವಾರವೇ ಎಲ್ರ ಫೋನಿಗೂ ಕಳಿಸಿದೀನಿ!"

ಮೇಸ್ತ್ರಿ ಜೇಬಿನಿಂದ ರಬ್ಬರ್‌ಬ್ಯಾಂಡು ಸುತ್ತಿದ ಗುಂಡಿ ಫೋನು ತೆಗೆದ. "ಇದಕ್ಕಾ ತಾಯಿ? ಇದನ್ನ ಮ್ಯೂಸಿಯಮ್ಮಿಗೆ ಕೊಡಿ ಅಂತ ನೀವೇ ನಗಾಡಿದ್ರಲ್ಲ. ನಾನು ಏಣಿ ಬುಡದ ಕಂಬದಲ್ಲಿ ಅಂಟಿಸಿರೋ ನಕ್ಷೆ ನೋಡ್ಕೊಂಡು ಕೆಲ್ಸ ಮಾಡೋನು. ಅಂಟಿಸಿದ್ದೂ ನೀವೇ."

ಇಂಜಿನಿಯರ್ ಕಿಸಕ್ಕನೆ ನಕ್ಕ. ಅಕ್ಕನ ಮುಖ ಇಟ್ಟಿಗೆ ಗೂಡಾಯಿತು.

"ಹಲ್ಲು ಮುಚ್ಕೊಳ್ರೀ! ತಪ್ಪು ನಂದು. ಕಳಿಸಿದೆ, ಮುಟ್ತಾ ಅಂತ ಕೇಳ್ಲಿಲ್ಲ."

ಚೀಲದಿಂದ ಹೊಸ ನಕ್ಷೆ ಎಳೆದು ಹಲಗೆಯ ಮೇಲೆ ಹಾಸಿ ಮೇಸ್ತ್ರಿಯನ್ನು ಕರೆದಳು. "ನಾನು ಹೇಳಲ್ಲ. ನೀವು ನೋಡಿ ನಂಗೆ ಹೇಳಿ."

"ಪೂರ್ವದ ಗೋಡೆಯಿಂದ ಒಂದೂವರೆ ಅಡಿ. ಎಂಟು."

"ಇನ್ನೊಂದ್ಸಲ."

"ಒಂದೂವರೆ, ಎಂಟು! ಮಗ್ಗಿ ಒಪ್ಪಿಸ್ದಂಗಾಯ್ತಲ್ಲಮ್ಮ."

ಬೇರೆಯವರಿಗೆ ನಲವತ್ತು ದಿನ ಹಿಡಿಯುವ ಕೆಲಸ. ಮೇಸ್ತ್ರಿ ಡಬ್ಬಿ ಬಿಚ್ಚಿದ, ಅಕ್ಕ ಅಳೆದಳು, ಕೊನೆಗೆ ಬೈಸಿಕೊಂಡ ಇಂಜಿನಿಯರನೂ ಕೂತು ತಂತಿ ಬಿಗಿದ. ನಲವತ್ತನೇ ನಿಮಿಷಕ್ಕೆ ಎಂಟನೆಯದೂ ಪೂರ್ವಕ್ಕೆ ಬಂದು ನಿಂತಿತು.

ಕೊಳವೆ ಎರಡು ಸಲ ಕೆಮ್ಮಿ ಬೂದು ಕಾಂಕ್ರೀಟನ್ನು ಕಕ್ಕತೊಡಗಿತು. ಅಕ್ಕ ನೋಡಲು ನಿಲ್ಲಲಿಲ್ಲ. ಬೆನ್ನ ಕೆಳಗೆ ತುಕ್ಕಿನ ಗೆರೆಗಳನ್ನು ಹೊತ್ತು ಏಣಿ ಇಳಿದು, ಕಂಬದ ಮೇಲಿನ ಹಳೆಯ ನಕ್ಷೆಯನ್ನು ಪರ್ರನೆ ಹರಿದಳು. ಅದರ ಕೆಳಗೆ ಅದಕ್ಕಿಂತ ಹಳೆಯದು ಇನ್ನೊಂದಿತ್ತು. ಅದರ ಕೆಳಗೆ ಮತ್ತೊಂದು. ಅಂಟು ಬಿಡದ ಮೂಲೆಗಳನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು.