ಬಾನೆಟ್ಟಿನ ಮೇಲಿನ ವಿಭೂತಿ

೧
ಎಲ್ಲಿಂದ ಶುರು ಮಾಡಲಿ? ಮೊದಲು ಕಾರಿನ ಬಣ್ಣದಿಂದ ಶುರು ಮಾಡಿದ್ದೆ. ಜಾಹೀರಾತಿನ ಹಾಗೆ ಕಂಡಿತು, ಹರಿದೆ. ಶೋರೂಮಿನ ಮ್ಯಾನೇಜರ್ ಉಸ್ಮಾನ್‌ಸಾಬರ ನಗುವಿನಿಂದ ಶುರು ಮಾಡಿದೆ. ಮೊದಲ ಸಾಲಿಗೇ ನೀವು ಅವರನ್ನು ಖಳನಾಯಕ ಮಾಡಿಬಿಡುತ್ತೀರಿ ಎಂದು ಹೆದರಿ ಅದನ್ನೂ ಬಿಟ್ಟೆ. ಹೋಗಲಿ, ಅಶ್ವಿನಿಯ ಕೈಯಲ್ಲಿರುವ ಪಟ್ಟಿಯಿಂದಲೇ ಶುರುವಾಗಲಿ.

೨
ಅಶ್ವಿನಿ ಲಿಂಗಸುಗೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ತಾನು ಕೊಳ್ಳಲಿರುವ ಹೊಸ ಬಿಳಿ ಕಾರನ್ನು ತಪಾಸಣೆ ಮಾಡಲು ಸಿಂಧನೂರಿಗೆ ಬಂದು, ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದಾಳೆ. ಇಪ್ಪತ್ತೆರಡು ಅಂಶ ನೋಡಬೇಕು: ಎಷ್ಟು ಕಿಲೋಮೀಟರ್ ಓಡಿದೆ, ಟೈರು ಯಾವ ವಾರ ತಯಾರಾದದ್ದು, ಬಣ್ಣ ಎಲ್ಲ ಕಡೆ ಒಂದೇ ಇದೆಯೇ. ಸಹಿ ಬಿದ್ದ ಮೇಲೆ ಏನೇ ಕಂಡರೂ ಅದು ಅವಳ ಹಣೆಬರಹ. (ಗೇಟಿನ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಿಂತಿರುಗುವ ನನಗೆ ಬೇರೆಂಥ ನಾಯಕಿ ಸಿಗಬೇಕು? ಅಳುಕೆಲ್ಲ ನನ್ನದು, ಕಾರು ಮಾತ್ರ ಅವಳದು.)

ಅವಳ ತೊಂದರೆ ಒಂದೇ. ಬೇಡ ಎನ್ನಲು ಬರುವುದಿಲ್ಲ. ಮಸ್ಕಿಯಲ್ಲಿ ಅಂಗಡಿಯವನು ನಾಲ್ಕು ಸೀರೆ ಬಿಚ್ಚಿ ತೋರಿಸಿದರೆ, ಪಾಪ ಅನ್ನಿಸಿ, ಇಷ್ಟವಿಲ್ಲದ ಒಂದನ್ನು ಕೊಂಡು ಬರುವವಳು.

೩
ಅವಳು ಟೈರಿನ ಹತ್ತಿರ ಬಗ್ಗಿದ್ದಾಗ, ಸಂತೆಕಲ್ಲೂರಿನಿಂದ ಬಂದಿದ್ದ ತಾಯಿ ವೀರಭದ್ರಮ್ಮ ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿ ತೆಗೆದು, ನೀರು ಸೋಕಿಸಿ, ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದೇಬಿಟ್ಟರು. ಅವರ ಮನೆಗೆ ಹೊಸದು ಏನೇ ಬರಲಿ, ಹೊಲಿಗೆ ಯಂತ್ರವೋ ಎಮ್ಮೆಯೋ, ವಿಭೂತಿ ಬಿದ್ದ ಗಳಿಗೆಯಿಂದ ಅದು ಮನೆಯದು. ಆಮೇಲೆ ಹೊರಹಾಕಿದ್ದೇ ಇಲ್ಲ. (ಹಾಯುವ ಎಮ್ಮೆಯೊಂದು ಹನ್ನೊಂದು ವರ್ಷ ಇತ್ತು.)

ಪಟ್ಟಿಯಲ್ಲಿ ಬಾನೆಟ್ಟು ಹದಿನಾಲ್ಕನೆಯದು. ಅಶ್ವಿನಿ ಮೊಬೈಲಿನ ಟಾರ್ಚ್ ಹಿಡಿದಳು. ವಿಭೂತಿಯ ಅಂಚಿನಲ್ಲಿ ಕಾರಿನ ಬಿಳಿ ತುಸು ಮಂಕಾಗಿತ್ತು, ಯಾರೋ ಮತ್ತೆ ಬಣ್ಣ ಹೊಡೆದ ಹಾಗೆ. ಆ ಮಂಕು ಪಟ್ಟೆಗಳ ಅಡಿಗೆ ಹೋಗಿತ್ತು. ಪೂರ್ತಿ ನೋಡಬೇಕೆಂದರೆ ವಿಭೂತಿ ಅಳಿಸಬೇಕು.

ಅವಳು ಕಥೆ ಬರೆಯುತ್ತಿದ್ದ ನನ್ನ ಕಡೆ ತಿರುಗಿದಳು. “ಅಕ್ಕಾರ, ನನ್ನ ಗಾಡಿಗೇ ಯಾಕ ಕಲೆ ಇಟ್ರಿ? ಬಾಜೂದ್ದಕ್ಕ ಇಡ್ರಿ.”

ಬಾಜೂ ಕಾರಿನ ಮಾಲೀಕರು ತುರ್ವಿಹಾಳದವರು, ಈ ಕಥೆಯಲ್ಲಿ ಬರುವುದಿಲ್ಲ ಎಂದೆ.

“ನಿಮಗ ಕಥಿ ಬೇಕು. ನನಗ ಗಾಡಿ ಬೇಕು,” ಎಂದು ಗೊಣಗಿದಳು.

೪
ಉಸ್ಮಾನ್‌ಸಾಬರು ಅದೆಲ್ಲ ಬೆಳಕಿನ ಆಟ ಎಂದರು. ಪೂಜೆಯಾದ ಗಾಡಿಯನ್ನು ಯಾರಾದರೂ ಬಿಟ್ಟು ಹೋಗುತ್ತಾರೆಯೇ ಎಂದು ತಾಯಿಯ ಕಡೆ ನೋಡಿ, ಮಗಳ ಕೈಗೆ ಪೆನ್ನು ಕೊಟ್ಟರು.

ಅಂತ್ಯ ಒಂದು: ಅಶ್ವಿನಿ ಸಹಿ ಹಾಕುತ್ತಾಳೆ. (ಬರೆದು ನೋಡಿದೆ. ಅವಳು ನನ್ನೊಡನೆ ಮಾತು ಬಿಟ್ಟಳು.)

ಅಂತ್ಯ ಎರಡು: ಗ್ರಾಹಕರ ಹಕ್ಕಿನ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾಳೆ, ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ. (ನೀವೂ ನಂಬುವುದಿಲ್ಲ.)

ಮೂರನೆಯದನ್ನು ನಾನು ಬರೆಯಲಿಲ್ಲ. ಪೆನ್ನು ಹಿಡಿದೇ ಅಶ್ವಿನಿ ಸಣ್ಣ ದನಿಯಲ್ಲಿ, “ಯವ್ವಾ, ನನಗ ಈ ಗಾಡಿ ಬ್ಯಾಡ,” ಎಂದಳು.

ಈ ಮಗಳ ಬಾಯಲ್ಲಿ ಎಂದೂ ಕೇಳದ ಮಾತು. ವೀರಭದ್ರಮ್ಮ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿನ ತುದಿಗೆ ನೀರು ಹಾಕಿಕೊಂಡು ಬಾನೆಟ್ಟನ್ನು ಒರೆಸಿದರು. ಅಡಿಯಲ್ಲಿ ಅಂಗೈಯಗಲ ಮಂಕು.

“ಸಾಬ್ರ, ಕಣ್ಣು ನನಗ ಮಂಜು ಅದಾವು. ನಿಮಗೇನಾಗೇತ್ರಿ?”

ಉಸ್ಮಾನ್‌ಸಾಬರು ತಲೆ ಕೆರೆದುಕೊಂಡು, ತಾವೂ ಗಮನಿಸಿರಲಿಲ್ಲವೆಂದು ಒಪ್ಪಿ, ಬೇರೆ ಕಾರು ತರಿಸಲು ಫೋನು ತೆಗೆದರು. ವೀರಭದ್ರಮ್ಮ ಸೆರಗಿಗೆ ಅಂಟಿದ್ದ ವಿಭೂತಿಯನ್ನು ಬೆರಳಿಗೆ ತೆಗೆದು ಮಗಳ ಹಣೆಗೆ ಎಳೆದರು.

“ನಾ ಹಚ್ಚಿದ್ದು, ನಾನ ವಾಪಸ್ ತಗೊಂಡೀನಿ. ಎಮ್ಮೀ ಕಾಲಕ್ಕ ಈ ಬುದ್ಧಿ ಬಂದಿದ್ರ ಹನ್ನೊಂದು ವರ್ಸ ಹಾಯಿಸ್ಕೋತಿದ್ದಿಲ್ಲ.”

೫
ಎರಡನೆಯ ಕಾರು ಬಂದು ನಿಂತಿದೆ. ಸರಿಯಿದೆಯೇ? ನಿಮಗೂ ತಿಳಿಯಬೇಕು, ನನಗೂ. ಮುಗಿಸಿಬಿಡೋಣವೆಂದು ‘ಕೊನೆಗೂ’ ಎಂದು ಬರೆದೆ. ಅಶ್ವಿನಿ ಬಗ್ಗಿದಲ್ಲಿಂದಲೇ ಕೈ ಅಡ್ಡ ಹಿಡಿದಳು.

“ತಡೀರಿ ಅಕ್ಕಾರ. ಇನ್ನಾ ಪಟ್ಟೀ ಒಂದನೇದರಾಗ ಅದೀನಿ.”

ಅವಳ ಹಿಂದೆ ವೀರಭದ್ರಮ್ಮ ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದರು.