ಕೊನೆಯ ಗೆರೆಗೆ ಒಂದು ಗಜ

ಅಲಬಾಮದ ಪೆಲ್ ಕ್ರೀಕ್‌ನಲ್ಲಿ ಹೈಸ್ಕೂಲ್ ಹುಡುಗರಿಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ರಕ್ಷಣೆ ಕಲಿಸಿ ನಿವೃತ್ತರಾದ ಹಾಲಿಸ್ ಟಾರ್ವರ್ ಅವರನ್ನು ಊರೆಲ್ಲ ಕೋಚ್ ಎಂದೇ ಕರೆಯುತ್ತದೆ. ಎದುರಾಳಿಯನ್ನು ತಡೆಯುವ ವಿದ್ಯೆ ದಕ್ಷಿಣದ ಕಾಲೇಜುಗಳ ಕೂಟಕ್ಕೆ ಮಾತ್ರ ಗೊತ್ತು ಎಂಬುದು ಅವರ ನಂಬಿಕೆ. ಮಗಳ ಮಗ ಕೀನನ್ ಉತ್ತರದ ಕೂಟದ ಕಾಲೇಜೊಂದನ್ನು ಸೇರಿದ ಮೇಲೆ ಅವನ ಆಟದ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ, ಒಂದು ಪಂದ್ಯವನ್ನೂ ನೋಡಿರಲಿಲ್ಲ.

ಕೀನನ್‌ನ ಕೊನೆಯ ಪಂದ್ಯ ಟ್ಯಾಂಪಾದಲ್ಲಿ, ದಕ್ಷಿಣದ ಕೂಟದ ತಂಡವೊಂದರ ಎದುರೇ ಬಿತ್ತು. ತಾತ ಒಮ್ಮೆಯಾದರೂ ನೋಡಲಿ ಎಂದು ಅವನು ಎರಡು ಟಿಕೆಟ್ ಕಳಿಸಿದ. ಕೋಚ್ ಹೊರಟರು, ಆದರೆ ದಕ್ಷಿಣದ ಕೆಂಪು ಟೋಪಿ ಹಾಕಿಕೊಂಡು. ಜೊತೆಗೆ, ಊರಿನ ಪತ್ರಿಕೆಗೆ ಕ್ರೀಡೆ ಬರೆಯುವ ನಾನು.

ದಾರಿಯುದ್ದಕ್ಕೂ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ವಾದ ನಡೆಯಿತು. ಆ ವರ್ಷ ಉತ್ತರದ ತಂಡಗಳು ಪಂದ್ಯಕ್ಕೆ ಸರಾಸರಿ ಇಪ್ಪತ್ತೊಂದು ಅಂಕ ಬಿಟ್ಟುಕೊಟ್ಟಿದ್ದವು, ದಕ್ಷಿಣದವು ಇಪ್ಪತ್ತನಾಲ್ಕು. ಅದನ್ನು ಹೇಳಿದೆ.

“ಅಲ್ಲಿ ಓಡೋರೇ ಇಲ್ಲ ಕಣಯ್ಯ, ತಡೆಯೋದೇನು ಬಂತು? ಅಂಥವರನ್ನ ನಮ್ಮ ಚರ್ಚಲ್ಲಿ ಹಾಡೋ ಹೆಂಗಸರೂ ನಿಲ್ಲಿಸ್ತಾರೆ” ಎಂದರು.

ಮಾತಿನಲ್ಲಿ ಹುರುಳಿತ್ತು. ಕೂಟದ ತಂಡಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತವೆ. ಎರಡು ಕೂಟಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುವುದು ಅಷ್ಟಕ್ಕಷ್ಟೆ.

ಪಂದ್ಯದ ಕೊನೆಯ ಕಾಲುಭಾಗದಲ್ಲಿ ದಕ್ಷಿಣದವರು ಚೆಂಡನ್ನು ಉತ್ತರದವರ ಕೊನೆಯ ಗೆರೆಗೆ ಒಂದು ಗಜ ದೂರಕ್ಕೆ ತಂದರು. ದಾಟಲು ನಾಲ್ಕು ಅವಕಾಶ. ರಕ್ಷಣಾ ಸಾಲಿನ ನಟ್ಟನಡುವೆ ಕೀನನ್. ಮೊದಲ ಸಲ ಇಬ್ಬರು ಭಾರಿ ಆಳುಗಳು ಒಟ್ಟಿಗೆ ಅವನ ಮೇಲೆ ಬಿದ್ದರು. ಅವನ ಹಿಮ್ಮಡಿಯ ಹಿಂದೆ ಹುಲ್ಲು ಮಡಿಕೆಯಾಗಿ ಎದ್ದಿತು, ಅವನು ಕದಲಲಿಲ್ಲ. ಆ ಇಬ್ಬರೂ ಅವನಲ್ಲೇ ಸಿಕ್ಕಿಕೊಂಡಿದ್ದರಿಂದ ಅಡ್ಡಗಟ್ಟುವವರಿಲ್ಲದೆ ಉಳಿದ ಪಕ್ಕದ ಆಟಗಾರ ಚೆಂಡು ಹಿಡಿದವನನ್ನು ಕೆಡವಿದ. ಎರಡನೆಯದೂ ಹಾಗೇ, ಮೂರನೆಯದೂ. ದಕ್ಷಿಣದ ಅಭಿಮಾನಿಗಳ ಗದ್ದಲ ಅಡಗುತ್ತಾ ಬಂತು.

ನಾಲ್ಕನೆಯದಕ್ಕೆ ಮೂವರು ಬಂದರು. ಅವನ ಮಂಡಿ ಇನ್ನೇನು ನೆಲ ಮುಟ್ಟಬೇಕು ಅನ್ನುವಷ್ಟು ಬಾಗಿ, ಆ ಮೂವರನ್ನೂ ಹೊತ್ತು ನಿಧಾನವಾಗಿ ಮೇಲೆದ್ದಿತು. ವರ್ಷಗಟ್ಟಲೆ ಆಟ ನೋಡಿದ್ದೇನೆ. ಮನುಷ್ಯನ ದೇಹ ಹಾಗೆ ನಿಲ್ಲಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಚೆಂಡು ಗೆರೆ ದಾಟಲಿಲ್ಲ.

ಕೆಡವಿದವರ ಲೆಕ್ಕದಲ್ಲಿ ಆ ನಾಲ್ಕರಲ್ಲಿ ಒಂದೂ ಕೀನನ್ ಹೆಸರಿಗಿಲ್ಲ. ಕೋಚ್ ಮಾತ್ರ ಚೆಂಡಿನ ಕಡೆ ನೋಡಿರಲೇ ಇಲ್ಲ.

“ಅವನ ಕಾಲು ನೋಡು” ಎಂದರು, ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ.

ಪಂದ್ಯವನ್ನು ದಕ್ಷಿಣದವರೇ ಗೆದ್ದರು, ಮೂರು ಅಂಕದಿಂದ. ಆಟಗಾರರ ಮನೆಯವರು ಕಾಯುವ ಗೇಟಿನ ಬಳಿ ಕೀನನ್ ತಲೆ ತಗ್ಗಿಸಿಕೊಂಡು ಬಂದ. ಸೋತೆವು ಎಂದು ಮಾತ್ರ ಹೇಳಿ ತಾತನ ಬಾಯಿಂದ ಏನು ಬರುವುದೋ ಎಂದು ನಿಂತ.

“ಎಡಗಾಲು ಅಷ್ಟು ಹಿಂದಿಟ್ಟೋನು ಬೀಳ್ಬೇಕಿತ್ತಲ್ಲೋ” ಎಂದರು ಕೋಚ್. “ಯಾಕೆ ಬೀಳ್ಲಿಲ್ಲ?”

“ನಮ್ಮಲ್ಲಿ ಹಾಗೇ ಕಲಿಸ್ತಾರೆ, ತಾತ.”

“ತೋರಿಸು.”

ಕೀನನ್ ಕಾಂಕ್ರೀಟಿನ ಮೇಲೆ ರಕ್ಷಣಾ ಸಾಲಿನಲ್ಲಿ ನಿಲ್ಲುವ ಹಾಗೆ ಬಗ್ಗಿ ಮೂರು ಬೆರಳೂರಿದ. ಎಪ್ಪತ್ತು ದಾಟಿದ ಕೋಚ್ ಅವನ ಪಕ್ಕದಲ್ಲಿ ಹಾಗೇ ಬಗ್ಗಿ, ಎಡಗಾಲನ್ನು ಹಿಂದಕ್ಕೆ ಸರಿಸಿದರು.

“ಇನ್ನೂ ಸ್ವಲ್ಪ ಹಿಂದೆ” ಎಂದ ಕೀನನ್.