ಗೋಡೆಯ ಮೇಲಿಲ್ಲದ ಪ್ರಾಣಿ

ತೋಟದ ಸಾಹುಕಾರ ಪೊನ್ನಪ್ಪನವರ ಬಂಗಲೆಯ ಜಗಲಿ ಹತ್ತುವ ಯೋಗ ಹುಚ್ಚಮ್ಮನಿಗೆ ಒದಗಿದ್ದು, ಗಂಡನಿಗೆ ಕಳ್ಳ ಎಂಬ ಹೆಸರು ಬಂದ ಮೇಲೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಕೆಳಗಿನ ಅಂಗಳದಲ್ಲಿ ಕಾಫಿ ಹರವಿದ್ದಳು. ಮೇಲೆ ಬಾ ಎಂದು ಒಬ್ಬರೂ ಕರೆದಿರಲಿಲ್ಲ.

ಭಾಗಮಂಡಲದಿಂದಾಚೆ, ಕಾಡಿಗೆ ಮೈತಾಗಿಸಿಕೊಂಡ ತೋಟ ಅದು. ಕಾಡಂಚಿನ ಮೇಲ್ತೋಟದಲ್ಲಿ ಇಟ್ಟಿದ್ದ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ಅವಳ ಗಂಡ ಸಣ್ಣಸ್ವಾಮಿಯ ಕೆಲಸ. ಆ ಪೆಟ್ಟಿಗೆಗಳ ಮುಚ್ಚಳ ಒಂದೊಂದಾಗಿ ಮಗುಚಿ ಬೀಳತೊಡಗಿದವು, ಒಳಗಿನ ತುಪ್ಪ ತಟ್ಟಿ ಸಮೇತ ಮಾಯವಾಗತೊಡಗಿತು. ಕರಡಿಯಾಗಿದ್ದರೆ ಪೆಟ್ಟಿಗೆಯೇ ಪುಡಿಯಾಗುತ್ತಿತ್ತು, ಇದು ಕೈ ಇದ್ದವರ ಕೆಲಸ ಎಂದರು ತೋಟದ ಲೆಕ್ಕ ನೋಡುವ ರೈಟರ್ ಕೃಷ್ಣಪ್ಪ. ಕೈ ಎಂದ ಕೂಡಲೇ ಎಲ್ಲರಿಗೂ ಕೂಲಿಯವರ ಕೈಯೇ ಕಾಣುತ್ತದೆ. ಬಂಗಲೆಯಲ್ಲೂ ಕೈಗಳಿವೆ ಎಂಬುದು ಇಂಥ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಶನಿವಾರದೊಳಗೆ ಕೂಲಿಯವರ ಸಾಲಿನಲ್ಲಿದ್ದ ಲೈನುಮನೆ ಖಾಲಿ ಮಾಡಿ ಹೊರಡಬೇಕೆಂದು ಗಂಡಹೆಂಡಿರಿಗೆ ಹುಕುಂ ಆಯಿತು.

ಆದರೆ ಹುಚ್ಚಮ್ಮ ಕಳ್ಳನನ್ನು ಕಂಡಿದ್ದಳು. ಗಂಡನಿಗೆ ಬೆಳಗಿನ ಗಂಜಿ ಒಯ್ಯುವಾಗ ಪೆಟ್ಟಿಗೆಯೊಳಗೆ ಮೂತಿ ಹಾಕಿದ್ದ ಪ್ರಾಣಿಯೊಂದು ತಲೆಯೆತ್ತಿ ಅವಳನ್ನು ನೋಡಿ, ಮರಕ್ಕೆ ನೆಗೆದು, ಕೊಂಬೆಯಿಂದ ಕೊಂಬೆಗೆ ಹಾರಿ ಹೋಗಿತ್ತು. ಅದನ್ನೇ ಹೇಳಲು ಈಗ ಜಗಲಿಯ ಮೇಲೆ ನಿಂತಿದ್ದಳು.

"ಇದ್ರಲ್ಲಿ ಯಾವ್ದು, ತೋರ್ಸು" ಎಂದು ಪೊನ್ನಪ್ಪ ಗೋಡೆಯತ್ತ ಬೆತ್ತ ಚಾಚಿದರು.

ಗೋಡೆಯ ತುಂಬ ಅಜ್ಜ, ಅಪ್ಪ, ಮಗ ಹೊಡೆದ ಪ್ರಾಣಿಗಳು. ಕಾಟಿಯ ತಲೆ, ಕಡವೆಯ ಕೊಂಬು, ಬಾಯ್ದೆರೆದ ಹುಲಿ, ಹುಲ್ಲು ತುಂಬಿದ ಪುನುಗುಬೆಕ್ಕು. ಹುಚ್ಚಮ್ಮ ಒಂದನ್ನೂ ಬಿಡದೆ ನೋಡಿದಳು. ಯಾವುದಾದರೊಂದಕ್ಕೆ ಬೆರಳು ತೋರಿಸಿಬಿಟ್ಟಿದ್ದರೆ ಸಾಕಿತ್ತೋ ಏನೋ. ಅವಳಿಗೆ ಹಾಗೆ ತೋಚಲಿಲ್ಲ.

"ಇದ್ಯಾವ್ದೂ ಅಲ್ಲ ಬುದ್ಧಿ. ಬೆಕ್ಕಿಗಿಂತ ಉದ್ದ, ನಾಯಿಗಿಂತ ಕುಳ್ಳು. ಮೈಯೆಲ್ಲ ಸುಟ್ಟ ಬೆಲ್ಲದ ಬಣ್ಣ. ಕತ್ತು ಮಾತ್ರ ಹಳದಿ, ಅರಿಸಿನ ಹಚ್ಕಂಡ ಮದುವಣಗಿತ್ತಿ ಹಂಗೆ."

"ಬಾಸಿಂಗನೂ ಕಟ್ಟಿತ್ತೇನಮ್ಮ?" ಕೃಷ್ಣಪ್ಪ ನಕ್ಕರು. "ಹೆಸರೇನು ಅದರದ್ದು?"

"ನಂಗೇನ್ ಗೊತ್ತು ರೈಟ್ರೆ? ನಮ್ ಪಿರಿಯಾಪಟ್ಣದ ಕಡೆ ಅಂಥದ್ದಿಲ್ಲ."

"ಅಜ್ಜನ ಕಾಲದಿಂದ ಈ ಕಾಡಲ್ಲಿ ಬೇಟೆ ಆಡಿದ್ದೇವೆ" ಎಂದರು ಪೊನ್ನಪ್ಪ, ದನಿಯನ್ನು ಚೂರೂ ಏರಿಸದೆ. "ಈ ಗೋಡೆ ಮೇಲಿಲ್ಲದ್ದು ಈ ಕಾಡಲ್ಲೂ ಇಲ್ಲ."

ಹುಚ್ಚಮ್ಮನಿಗೆ ಜೊತೆಯಾಗಿ ಬಂದ ಹೆಂಗಸರು ಮೆಟ್ಟಿಲ ಕೆಳಗೆ ನಿಂತಿದ್ದರು. ಅವರಲ್ಲಿ ಹಿರಿಯಳಾದ, ಎರವರ ಬುಡಕಟ್ಟಿನ ಚೋಮಿಗೆ ಸುಮ್ಮನಿರಲಾಗಲಿಲ್ಲ. "ನಾನೂ ಕಂಡಿದ್ದೆ ಧಣಿ. ಕರುವಿನಷ್ಟಿತ್ತು" ಎಂದಳು. ಪಕ್ಕದ ಮನೆಯ ಗಂಗೆ ಇನ್ನೊಂದು ಹೆಜ್ಜೆ ಮುಂದಿಟ್ಟಳು: "ಕೊಂಬೂ ಇತ್ತು! ಕಣ್ಣು ಕೆಂಡ!" ಹಿಂದಿನವಳೊಬ್ಬಳು ಅದು ಮಗುವಿನ ಹಾಗೆ ಅಳುತ್ತದೆ ಎಂದಳು. ಪಾಪ, ಒಬ್ಬೊಬ್ಬರೂ ಗೆಳತಿಯ ಮನೆ ಉಳಿಸಲು ಆ ಪ್ರಾಣಿಗೆ ಒಂದೊಂದು ಅಂಗ ದಾನ ಮಾಡಿದರು. ಹುಚ್ಚಮ್ಮ ಹೊತ್ತುತಂದ ಪುಟ್ಟ ನಿಜ ಅವಳ ಕಣ್ಣೆದುರೇ ಮುಳುಗಿಹೋಯಿತು.

ಪೊನ್ನಪ್ಪ ಹೊಟ್ಟೆ ಹಿಡಿದು ನಕ್ಕರು. "ಇದು ಪ್ರಾಣಿಯಲ್ಲ ಮಾರಾಯ್ತಿ, ಬಯಲಾಟದ ವೇಷ. ಶನಿವಾರ ಮನೆ ಖಾಲಿ ಮಾಡಿ."

"ಕೊಂಬು ಯಾಕೆ ಬೇಕಿತ್ತೇ ನಿಂಗೆ?" ದಾರಿಯುದ್ದಕ್ಕೂ ಹುಚ್ಚಮ್ಮ ಗಂಗೆಯನ್ನು ಬೈದಳು. "ನನ್ ಸಂಸಾರಕ್ಕೆ ಕೊಳ್ಳಿ ಇಟ್ಯಲ್ಲ!"

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಮೇಲ್ತೋಟದಲ್ಲಿ ಕಾಫಿಹಣ್ಣು ಕೆಂಪೇರಿ ಉದುರುವ ಹಂತಕ್ಕೆ ಬಂದಿತ್ತು. ಎಲ್ಲರೂ ಅಲ್ಲಿಗೇ ಪಿಕ್ಕಿಂಗಿಗೆ ನಡೆಯಿರಿ ಎಂದರು ಕೃಷ್ಣಪ್ಪ. ಗಂಗೆ ಮಾತ್ರ ಕದಲಲಿಲ್ಲ. ತಾನೇ ಕಟ್ಟಿದ ಕೊಂಬಿಗೆ ತಾನೇ ಹೆದರಿದ್ದಳು.

ಹುಚ್ಚಮ್ಮ ಅವಳನ್ನೇ ನೋಡಿದಳು. ಮೊದಲು ನಗು ಬಂತು. ಆಮೇಲೆ ಬೇರೇನೋ ಹೊಳೆಯಿತು. ಸೊಂಟದ ಬುಟ್ಟಿ ಬಿಚ್ಚಿ ನೆಲಕ್ಕಿಟ್ಟು, ಅದರ ಪಕ್ಕ ಕೂತಳು.

"ನಾನೂ ಬರಕಿಲ್ಲ ರೈಟ್ರೆ. ಕೊಂಬಿರೋ ಪ್ರಾಣಿಯಂತೆ, ಭಯ ಆಯ್ತದೆ."

ಚೋಮಿ ಕೂತಳು. ಲೈನಿನ ಹೆಂಗಸರೆಲ್ಲ ಕೂತರು.

ಸ್ಟ್ರೈಕ್ ಎಂದಿದ್ದರೆ ಪೊಲೀಸರು ಬರುತ್ತಿದ್ದರು. ಕೊಡಗು ಇನ್ನೂ ಮೈಸೂರಿಗೆ ಸೇರದ ಕಾಲ ಅದು; ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರ, ಕೊಡಗಿನವರೇ ಮಂತ್ರಿಗಳು; ತೋಟದವರ ಮಾತು ಅಲ್ಲಿ ಬೇಗ ಮುಟ್ಟುತ್ತಿತ್ತು. ಆದರೆ ಇವರು ಯಾವ ಬಾವುಟವನ್ನೂ ಹಿಡಿದಿರಲಿಲ್ಲ. ಹೆದರಿಕೊಂಡಿದ್ದರು, ಅಷ್ಟೆ. ಹೆದರಿದ ಹೆಂಗಸನ್ನು ಹಿಡಿದು ಹಾಕಲು ಯಾವ ಕಾನೂನಿದೆ?

ಪೊನ್ನಪ್ಪ ಕೋವಿ ಹಿಡಿದು ತಾವೇ ಮೇಲ್ತೋಟ ಸುತ್ತಿ ಬಂದು, ಅಲ್ಲಿ ಏನೂ ಇಲ್ಲ ಎಂದರು. "ನಿಮ್ಮನ್ನ ಕಂಡು ಅಡಗಿರ್ತದೆ ಧಣಿ" ಎಂದಳು ಚೋಮಿ. ಮಾರನೆಯ ದಿನ ಬೈದರು. ಅಷ್ಟರಲ್ಲಿ ಹಣ್ಣು ಉದುರತೊಡಗಿತ್ತು, ಆಕಾಶದಲ್ಲಿ ಹೊತ್ತಲ್ಲದ ಹೊತ್ತಿನ ಮೋಡವೂ ಕಾಣಿಸಿತ್ತು. ಶುಕ್ರವಾರ ಅವರೇ ಲೈನಿನ ಅಂಗಳಕ್ಕೆ ಇಳಿದು ಬಂದರು.

"ಅದು ಸಣ್ಣ ಪ್ರಾಣಿ. ಮನುಷ್ಯರ ತಂಟೆಗೆ ಬರೋದಿಲ್ಲ. ಹೊರಡಿ."

"ಎಷ್ಟು ಸಣ್ಣದು ಬುದ್ಧಿ?" ಹುಚ್ಚಮ್ಮ ಕೂತಲ್ಲಿಂದಲೇ ಕೇಳಿದಳು.

"ನಾಯಿಗಿಂತ ಸಣ್ಣದು."

"ಕೊಂಬು?"

"ಇಲ್ಲ."

"ಮತ್ತೆ ಏನ್ ತಿಂತದೆ?"

ಕೃಷ್ಣಪ್ಪ ನೆಲ ನೋಡಿದರು. ಪೊನ್ನಪ್ಪನವರ ಮುಖ ಕಾಫಿಹಣ್ಣಿನ ಬಣ್ಣಕ್ಕೆ ತಿರುಗಿತು.

"ಜೇನು" ಎಂದರು.

"ಯಾರ ಜೇನು ಬುದ್ಧಿ?"

"ನಮ್ಮ ಪೆಟ್ಟಿಗೇದು. ಸಾಕಾ? ಅದೇ ತಿಂದದ್ದು. ಸಣ್ಣಸ್ವಾಮಿ ಅಲ್ಲ."

"ಹಂಗಾರೆ ನಾಳೆ ನಾವು ಮನೆ ಬಿಡಂಗಿಲ್ಲ?"

"ಬಿಡೋದು ಬೇಡ. ಎದ್ದೇಳಿ ಈಗ!"

ಹುಚ್ಚಮ್ಮ ಎದ್ದು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡಳು. ಅವಳ ಹಿಂದೆ ಎಲ್ಲರೂ ಎದ್ದರು. ಮೇಲ್ತೋಟದಲ್ಲಿ ಸಣ್ಣಸ್ವಾಮಿ ಆಗಲೇ ಪೆಟ್ಟಿಗೆಗಳ ಮುಚ್ಚಳದ ಮೇಲೆ ಕಲ್ಲು ಹೇರುತ್ತಿದ್ದ. ಗಂಗೆ ಮಾತ್ರ ಕಾಡಂಚಿನ ಸಾಲಿಗೆ ಬಂದವಳೇ ನಿಂತುಬಿಟ್ಟಳು.

"ಕೊಂಬಿಲ್ಲ ಅಂತ ಯಾರಕ್ಕ ಹೇಳಿದ್ದು?"

"ಸಾವ್ಕಾರ್ರೇ ಹೇಳಲಿಲ್ವಾ?"

"ಅವರು ನೋಡವ್ರಾ?"

"ಅವರೆಲ್ಲಿ ನೋಡವ್ರೆ!" ಎಂದು ಹುಚ್ಚಮ್ಮ ಬಾಗಿದ ಕೊಂಬೆಗೆ ಕೈಹಾಕಿದಳು. "ನಾನು ನೋಡಿವ್ನಿ, ಬಾ."